ಗೋಣಿಕೊಪ್ಪದಿಂದ ದುಬೈಗೆ ಎಷ್ಟು ದೂರ?

ಪ್ರಶ್ನೆ: ನನಗೆ 64 ವರ್ಷ, ಕೊಡಗಿನ ಗೋಣಿಕೊಪ್ಪದ ಹತ್ತಿರ ನಮ್ಮ ಮನೆ. ಮಗಳು, ಅಳಿಯ ದುಬೈಯಲ್ಲಿದ್ದಾರೆ. ಮಗಳಿಗೆ ಜುಲೈ ಕೊನೆಗೆ ದಿನ ತುಂಬುತ್ತದೆ, ಬಾಣಂತನಕ್ಕೆ ನಾನೇ ಹೋಗಬೇಕು. ಇದುವರೆಗೆ ವಿಮಾನ ಹತ್ತಿದವಳಲ್ಲ. ಅಳಿಯಂದಿರು ಕಣ್ಣೂರಿನಿಂದ ಟಿಕೆಟ್ ನೋಡಿದ್ದಾರೆ. ಹೋಗುವಾಗ ಬೆಳಿಗ್ಗೆ 9.10ಕ್ಕೆ ಹೊರಟು 11.20ಕ್ಕೆ ತಲುಪುತ್ತದೆ. ಸೆಪ್ಟೆಂಬರ್ ಕೊನೆಗೆ ವಾಪಸ್ ಬರುವಾಗ ಮಧ್ಯಾಹ್ನ 12.20ಕ್ಕೆ ಹೊರಟು ಸಂಜೆ 5.25ಕ್ಕೆ. ಹೋಗಲು ಎರಡು ಗಂಟೆ, ಬರಲು ಐದು ಗಂಟೆಯೇ? ಮೊಬೈಲ್‌ನಲ್ಲಿ ಹುಡುಕಿದರೆ ಒಂದು ಕಡೆ 2,590 ಕಿ.ಮೀ., 3 ಗಂಟೆ 13 ನಿಮಿಷ ಎಂದಿದೆ. ಇನ್ನೊಂದು ಕಡೆ 1,398 ಮೈಲಿ, 3 ಗಂಟೆ 43 ನಿಮಿಷ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ನಮ್ಮ ಭಾವ ಹೇಳುತ್ತಾರೆ. ಮಂಗಳೂರಿನಿಂದ ದೂರ ಕಡಿಮೆ, ಅಲ್ಲಿಂದ ಹೋಗಿ ಎನ್ನುವವರೂ ಇದ್ದಾರೆ. ಬೆಂಗಳೂರಿನಲ್ಲಿ ತಂಗಿಯ ಮನೆ ಇದೆ. ನನಗೆ ಬಲ ಮಂಡಿಯಲ್ಲಿ ನೋವು, ಹೆಚ್ಚು ಹೊತ್ತು ಕೂರಲಾರೆ. ಯಾವ ಲೆಕ್ಕ ನಂಬಲಿ, ಎಲ್ಲಿಂದ ಹೋಗಲಿ?

ಉತ್ತರ: ಐದು ಗಂಟೆ ಕೂರಬೇಕಾಗಿಲ್ಲ, ಮೊದಲು ಆ ಚಿಂತೆ ಬಿಡಿ. ಹೋಗುವಾಗಲೂ ಬರುವಾಗಲೂ ಮೂರೂವರೆ ಗಂಟೆಯ ಆಸುಪಾಸೇ. ಪತ್ರದಲ್ಲಿ ಕೇಳಿರುವುದು ಕಿಲೋಮೀಟರು, ಮನಸ್ಸಿನಲ್ಲಿರುವುದು ಮಂಡಿ ಎಂದು ನನಗನ್ನಿಸಿತು. ಎರಡಕ್ಕೂ ಉತ್ತರ ಹೇಳುತ್ತೇನೆ. ನಾನು ಇಪ್ಪತ್ತೇಳು ವರ್ಷ ವಿಮಾನ ಕಂಪನಿಯೊಂದರಲ್ಲಿ ಡಿಸ್ಪ್ಯಾಚರ್ ಆಗಿದ್ದವನು. ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಎತ್ತರ, ಮೇಲೆ ಗಾಳಿ ಹೇಗಿದೆ, ಎಷ್ಟು ಇಂಧನ ಬೇಕು, ಅಲ್ಲಿ ಇಳಿಯಲಾಗದಿದ್ದರೆ ಮತ್ತೆಲ್ಲಿ ಎಂದೆಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಕಾಗದ ಕೊಡುವ ಕೆಲಸ. ಈಗ ತೋಟದ ಮನೆಯ ಜಗಲಿಯಲ್ಲಿ ಕೂತು ಅದೇ ಲೆಕ್ಕವನ್ನು ನಿಮಗಾಗಿ ಹಾಕಿದ್ದೇನೆ.

ಟಿಕೆಟ್‌ನಲ್ಲಿ ಬರೆದಿರುವ ಗಂಟೆ ಆಯಾ ಊರಿನ ಗಡಿಯಾರದ್ದು. ಹೊರಡುವ ಹೊತ್ತು ಕಣ್ಣೂರಿನದು, ತಲುಪುವ ಹೊತ್ತು ದುಬೈಯದು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ನೀವು ಇಳಿಯುವ 11.20ಕ್ಕೆ ಗೋಣಿಕೊಪ್ಪದಲ್ಲಿ 12.50 ಆಗಿರುತ್ತದೆ. 9.10ರಿಂದ 12.50ಕ್ಕೆ ಎಷ್ಟು? ಮೂರು ಗಂಟೆ ನಲವತ್ತು ನಿಮಿಷ. ಬರುವಾಗ ಅಲ್ಲಿ 12.20 ಎಂದರೆ ನಮ್ಮಲ್ಲಿ 1.50. ಅಲ್ಲಿಂದ 5.25ಕ್ಕೆ ಮೂರು ಗಂಟೆ ಮೂವತ್ತೈದು ನಿಮಿಷ. ಹೋಗುವಾಗ ಗಡಿಯಾರ ಕದ್ದುಕೊಟ್ಟ ಒಂದೂವರೆ ಗಂಟೆಯನ್ನು ಬರುವಾಗ ವಾಪಸ್ ಕಿತ್ತುಕೊಳ್ಳುತ್ತದೆ, ಅಷ್ಟೆ.

ಯಾವ ದೇಶದ ಗಡಿಯಾರ ಎಷ್ಟು ಹಿಂದೆ, ಎಷ್ಟು ಮುಂದೆ ಎಂದು ಗೊತ್ತಿಲ್ಲದಿದ್ದರೂ ನಡೆಯುವ ಒಂದು ಉಪಾಯವಿದೆ. ಟಿಕೆಟ್ ನೋಡಿ, ಹೋಗುವುದಕ್ಕೊಮ್ಮೆ ಬರುವುದಕ್ಕೊಮ್ಮೆ ತಲುಪುವ ಹೊತ್ತಿನಿಂದ ಹೊರಡುವ ಹೊತ್ತನ್ನು ಕಳೆದು, ಬಂದ ಎರಡನ್ನೂ ಕೂಡಿಸಿ ಅರ್ಧ ಮಾಡಿ. ನಿಮ್ಮದರಲ್ಲಿ 2 ಗಂಟೆ 10 ನಿಮಿಷಕ್ಕೆ 5 ಗಂಟೆ 5 ನಿಮಿಷ ಕೂಡಿಸಿದರೆ 7 ಗಂಟೆ 15 ನಿಮಿಷ. ಅರ್ಧ ಎಂದರೆ 3 ಗಂಟೆ 37 ನಿಮಿಷದ ಮೇಲೆ ಚೂರು. ಒಂದು ಕಡೆ ಕಳೆದ ವ್ಯತ್ಯಾಸ ಇನ್ನೊಂದು ಕಡೆ ಸೇರುವುದರಿಂದ ತಾನಾಗಿ ವಜಾ ಆಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರೊಬ್ಬರು ಇದನ್ನು ಬೆಂಕಿಪೆಟ್ಟಿಗೆಯ ಹಿಂಬದಿಯಲ್ಲಿ ಬರೆದು ತೋರಿಸಿದ್ದರು.

ಇನ್ನು ಮೊಬೈಲ್‌ನಲ್ಲಿ ಸಿಕ್ಕ ಅಂಕಿಗಳು. 2,590 ಕಿ.ಮೀ. ಸರಿಯಾಗಿದೆ. ಕಣ್ಣೂರು ನಿಲ್ದಾಣದಿಂದ ದುಬೈ ನಿಲ್ದಾಣಕ್ಕೆ ಭೂಗೋಳದ ಮೇಲೆ ದಾರ ಎಳೆದು ಬಿಗಿಹಿಡಿದರೆ ಬರುವ ಅಳತೆ ಅದು. 1,398 ಕೂಡ ತಪ್ಪಲ್ಲ, ಆದರೆ ಅದು ರಸ್ತೆ ಬದಿಯ ಮೈಲಿಗಲ್ಲಿನ ಮೈಲಿ ಅಲ್ಲ. ಹಡಗಿನವರು, ವಿಮಾನದವರು ಬಳಸುವ ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ. ಗುಣಿಸಿ ನೋಡಿ, ಅದೇ ದೂರ ಬರುತ್ತದೆ. ಸಮಯದ ಮೂಲ ಎಲ್ಲಿಯದು ಎಂದು ನಾನೂ ಭಾಗಿಸಿ ನೋಡಿದೆ. ಗಂಟೆಗೆ 500 ಮೈಲಿ, ಅಂದರೆ 805 ಕಿ.ಮೀ. ವೇಗ ಎಂದಿಟ್ಟುಕೊಂಡು ದೂರವನ್ನು ಭಾಗಿಸಿದರೆ ಸರಿಯಾಗಿ 3 ಗಂಟೆ 13 ನಿಮಿಷ ಸಿಗುತ್ತದೆ. ಏರಲು ಇಳಿಯಲು ಬೇಕಾಗುತ್ತದೆ ಎಂದು ಅದಕ್ಕೇ ಅರ್ಧ ಗಂಟೆ ಸೇರಿಸಿದರೆ 3 ಗಂಟೆ 43. ಅಂದರೆ ಎರಡೂ ಒಂದೇ ಭಾಗಾಕಾರ. ಆ ಲೆಕ್ಕಕ್ಕೆ ಗಾಳಿ ಗೊತ್ತಿಲ್ಲ, ಮಳೆ ಗೊತ್ತಿಲ್ಲ, ಆ ದಾರಿಯಲ್ಲಿ ನಿಜವಾಗಿ ವಿಮಾನ ಹಾರುತ್ತದೆಯೇ ಎಂಬುದೂ ಗೊತ್ತಿಲ್ಲ. ವಿಮಾನವೇ ಓಡದ ಎರಡು ಊರುಗಳ ನಡುವೆಯೂ ಅದು ಅಷ್ಟೇ ಗಂಭೀರವಾಗಿ ನಿಮಿಷದವರೆಗೆ ಸಮಯ ಹೇಳುತ್ತದೆ.

ಟಿಕೆಟ್‌ನಲ್ಲಿರುವ ಮೂರು ಗಂಟೆ ನಲವತ್ತು ನಿಮಿಷವನ್ನು ನಾವು ಬ್ಲಾಕ್ ಟೈಮ್ ಎನ್ನುತ್ತಿದ್ದೆವು. ನಿಂತ ಜಾಗದಲ್ಲಿ ಚಕ್ರಕ್ಕೆ ಕೊಟ್ಟ ಅಡ್ಡೆ ತೆಗೆದಲ್ಲಿಂದ, ಆ ಕಡೆ ಹೋಗಿ ಮತ್ತೆ ಅಡ್ಡೆ ಕೊಡುವವರೆಗಿನ ಹೊತ್ತು. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ಇಳಿದ ಮೇಲೆ ಗೇಟ್ ಹುಡುಕಿ ಹೋಗುವುದು ಎಲ್ಲ ಇದರಲ್ಲೇ ಬಂತು. ದುಬೈ ತುಂಬ ಗಿಜಿಗುಡುವ ನಿಲ್ದಾಣ, ಇಳಿದ ಮೇಲೂ ಹತ್ತು ಹದಿನೈದು ನಿಮಿಷ ಉರುಳುತ್ತಲೇ ಇದ್ದೀರಿ ಅಂದರೆ ಗಾಬರಿ ಬೇಡ. ಕಂಪನಿಗಳು ಇದಕ್ಕೆಲ್ಲ ಸ್ವಲ್ಪ ಕೈ ಸಡಿಲ ಬಿಟ್ಟೇ ಸಮಯ ಬರೆಯುತ್ತವೆ. ಹೇಳಿದ ಹೊತ್ತಿಗೆ ಹದಿನೈದು ನಿಮಿಷ ಆಚೆಯಾದರೂ ನಮ್ಮ ಕಸುಬಿನಲ್ಲಿ ಅದನ್ನು ‘ಸಮಯಕ್ಕೆ ಸರಿ’ ಎಂದೇ ಬರೆದುಕೊಳ್ಳುವುದು.

ಈಗ ನಿಮ್ಮ ಭಾವನವರ ಮಾತು. ನಮ್ಮ ಅಕ್ಷಾಂಶದಲ್ಲಿ ಭೂಮಿ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿದೆ ಎಂಬುದೇನೋ ನಿಜ. ಆದರೆ ಗಾಳಿಯೂ ಅದರ ಜೊತೆಗೇ ತಿರುಗುತ್ತಿದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿದೆ. ಓಡುವ ಬಸ್ಸಿನಲ್ಲಿ ಕೂತು ಒಂದು ಕಿತ್ತಳೆ ಮೇಲಕ್ಕೆಸೆಯಿರಿ. ಹಿಂದಿನ ಸೀಟಿನವರ ತಲೆ ಮೇಲೆ ಬೀಳುವುದಿಲ್ಲ, ನಿಮ್ಮ ಮಡಿಲಿಗೇ ಬೀಳುತ್ತದೆ. ಭಾವ ಹೇಳಿದಂತೆ ನಡೆಯುವುದಾದರೆ ಹೆಲಿಕಾಪ್ಟರಿನಲ್ಲಿ ಗೋಣಿಕೊಪ್ಪದ ಮೇಲೆ ಎರಡು ಗಂಟೆ ಸುಮ್ಮನೆ ನಿಂತಿದ್ದರೆ ಸಾಕು, ಅರಬರ ನಾಡೇ ಕಾಲಡಿಗೆ ಬರಬೇಕಿತ್ತು. ಪೆಟ್ರೋಲ್ ಖರ್ಚೂ ಉಳಿಯುತ್ತಿತ್ತು.

ಹಾಗೆಂದು ಭಾವನವರನ್ನು ಪೂರ್ತಿ ತಳ್ಳಿಹಾಕಬೇಡಿ, ಅವರ ಮಾತಿನಲ್ಲಿ ಒಂದು ಎಳೆ ಸತ್ಯವಿದೆ. ಭೂಮಿ ತಿರುಗುವುದರಿಂದಲೇ ಮೇಲಿನ ದೊಡ್ಡ ಗಾಳಿಗಳು ಪೂರ್ವಕ್ಕೋ ಪಶ್ಚಿಮಕ್ಕೋ ಬಾಗಿ ಬೀಸುತ್ತವೆ. ವಿಮಾನದ ಹೊತ್ತನ್ನು ಹಿಗ್ಗಿಸುವುದು ಕುಗ್ಗಿಸುವುದು ಆ ಗಾಳಿ. ನೀವು ಹೋಗುವಂಥ ವಿಮಾನ ಗಾಳಿಯೊಳಗೆ ಗಂಟೆಗೆ ಸುಮಾರು 830 ಕಿ.ಮೀ. ಸಾಗುತ್ತದೆ ಎನ್ನಿ. ದಾರಿಯುದ್ದಕ್ಕೂ 60 ಕಿ.ಮೀ. ವೇಗದ ಎದುರುಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 770 ಮಾತ್ರ, ದುಬೈ ದೂರಕ್ಕೆ 3 ಗಂಟೆ 22 ನಿಮಿಷ. ಅದೇ ಗಾಳಿ ಬೆನ್ನಿಗಿದ್ದರೆ 890, ಆಗ 2 ಗಂಟೆ 55 ನಿಮಿಷ. ಒಂದೇ ದಾರಿ, ಇಪ್ಪತ್ತೇಳು ನಿಮಿಷದ ಅಂತರ.

ಚಳಿಗಾಲದಲ್ಲಿ ಉತ್ತರ ಭಾರತದಿಂದ ಅರೇಬಿಯದವರೆಗೆ ಎತ್ತರದಲ್ಲಿ ಪಶ್ಚಿಮದ ಗಾಳಿ ಜೋರು. ಆಗ ಊರಿಗೆ ಬರುವ ವಿಮಾನ ಬೇಗ, ಹೋಗುವುದು ತಡ. ಮಳೆಗಾಲದಲ್ಲಿ ಕಥೆ ಬೇರೆ, ನನಗೆ ಇಡೀ ವೃತ್ತಿಯಲ್ಲಿ ಅತಿ ಇಷ್ಟವಾದ ಸಂಗತಿ ಅದು. ಜುಲೈಯಲ್ಲಿ ನಿಮ್ಮ ಮನೆಯ ಹೆಂಚಿನ ಮೇಲೆ ಎರಡು ಗಾಳಿ ಒಂದರ ಮೇಲೊಂದು, ಒಂದಕ್ಕೊಂದು ವಿರುದ್ಧವಾಗಿ ಬೀಸುತ್ತಿರುತ್ತವೆ. ಕೆಳಗಿನದು ಅರಬ್ಬಿ ಸಮುದ್ರದಿಂದ ಬಂದು ಬ್ರಹ್ಮಗಿರಿಗೆ ಡಿಕ್ಕಿ ಹೊಡೆದು ಕಕ್ಕಡದ (ಆಟಿ ತಿಂಗಳ) ಮಳೆ ಸುರಿಸುವ ಗಾಳಿ. ಅದರ ಬಹಳ ಮೇಲೆ, ಹತ್ತು ಹದಿನೈದು ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಇನ್ನೊಂದು ಗಾಳಿ ಸಮುದ್ರದ ಕಡೆಗೇ ಓಡುತ್ತಿರುತ್ತದೆ. ಈ ಪೂರ್ವದ ಗಾಳಿಯ ಹೊಳೆಯನ್ನು ಜಗತ್ತಿಗೆ ವಿವರಿಸಿದವರು ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ, 1958ರಲ್ಲಿ. ವಿಮಾನ ಹಾರುವುದು ಹತ್ತರಿಂದ ಹನ್ನೆರಡು ಕಿ.ಮೀ. ಎತ್ತರದಲ್ಲಿ. ಹಾಗಾಗಿ ಕೆಳಗೆ ನೀವು ಕೊಡೆ ಹಿಡಿದು ಎದುರುಗಾಳಿಯಲ್ಲಿ ಒದ್ದಾಡುವ ಜುಲೈಯಲ್ಲಿ, ಮೇಲೆ ದುಬೈ ಕಡೆ ಹೋಗುವ ವಿಮಾನದ ಬೆನ್ನಿಗೆ ಗಾಳಿ ಸಿಗುತ್ತದೆ. ಟಿಕೆಟ್‌ನಲ್ಲಿ ಇದು ಕಾಣುವುದಿಲ್ಲ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯವರೆಗೆ ಒಂದೇ ವೇಳಾಪಟ್ಟಿ ಮಾಡುವುದರಿಂದ ಎಲ್ಲ ತಿಂಗಳ ಗಾಳಿಯನ್ನೂ ಸರಾಸರಿ ಮಾಡಿ ಬರೆದಿರುತ್ತಾರೆ. ನೀವು ಹೋಗುವ ದಿನ ಹತ್ತಿಪ್ಪತ್ತು ನಿಮಿಷ ಮೊದಲೇ ಇಳಿದರೆ ಆಶ್ಚರ್ಯವಿಲ್ಲ.

ದಾರಿಯೂ ದಾರ ಎಳೆದಷ್ಟು ನೇರ ಇರುವುದಿಲ್ಲ. ಆಕಾಶದಲ್ಲೂ ಗೊತ್ತುಪಡಿಸಿದ ಹಾದಿಗಳಿವೆ, ಅವುಗಳ ಮೇಲೇ ಹೋಗಬೇಕು. ನಿಮ್ಮದು ಬಹುಪಾಲು ಸಮುದ್ರದ ಮೇಲಿನ ಹಾದಿ, ಸುತ್ತು ಕಡಿಮೆ. ಉತ್ತರದವರಿಗೆ ಹಾಗಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರ ಪ್ರಯಾಣ ಒಮ್ಮೆಗೇ ಉದ್ದವಾಯಿತು. ಊರುಗಳು ಇದ್ದಲ್ಲೇ ಇದ್ದವು.

ಸರಿ, ಎಲ್ಲಿಂದ ಹೋಗುವುದು? ಮಂಗಳೂರಿನಿಂದ ದೂರ ಕಡಿಮೆ ಎಂದವರು ಸುಳ್ಳು ಹೇಳಿಲ್ಲ. ಅಲ್ಲಿಂದ ದುಬೈ 2,460 ಕಿ.ಮೀ., ಕಣ್ಣೂರಿಗಿಂತ 130 ಕಡಿಮೆ. ಆದರೆ ಆಕಾಶದಲ್ಲಿ 130 ಕಿ.ಮೀ. ಎಂದರೆ ಒಂಬತ್ತು ಹತ್ತು ನಿಮಿಷ. ಆ ಹತ್ತು ನಿಮಿಷ ಉಳಿಸಲು ನೀವು ವಿರಾಜಪೇಟೆ, ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾಟಿ ಬಜ್ಪೆವರೆಗೆ ಸುಮಾರು 190 ಕಿ.ಮೀ. ಹೋಗಬೇಕು. ಕಣ್ಣೂರು ನಿಲ್ದಾಣ ಇರುವ ಮಟ್ಟನ್ನೂರಿಗೆ 75ರ ಆಸುಪಾಸು. ಎರಡೂವರೆ, ಮೂರು ಗಂಟೆ ರಸ್ತೆಯಲ್ಲಿ ಹೆಚ್ಚು ಕೂತು ಹತ್ತು ನಿಮಿಷ ಆಕಾಶದಲ್ಲಿ ಉಳಿಸಿದಂತಾಯಿತು. ಬೆಂಗಳೂರಿನಿಂದ 2,695 ಕಿ.ಮೀ., ವಿಮಾನದಲ್ಲಿ ಏಳೆಂಟು ನಿಮಿಷ ಹೆಚ್ಚು, ರಸ್ತೆಯಲ್ಲಿ ದೇವನಹಳ್ಳಿವರೆಗೆ ಸುಮಾರು 280 ಕಿ.ಮೀ. ಮೈಸೂರಿನ ಮಂಡಕಳ್ಳಿಯಲ್ಲೂ ನಿಲ್ದಾಣ ಇದೆಯಲ್ಲ ಎಂದು ಯಾರಾದರೂ ನೆನಪಿಸಬಹುದು. ಅಲ್ಲಿನ ರನ್‌ವೇ ಚಿಕ್ಕದು, ಕೊಲ್ಲಿ ದೇಶಗಳಿಗೆ ಹೋಗುವ ವಿಮಾನ ಇಲ್ಲ.

ರೈಲೂ ಇಲ್ಲದ, ವಿಮಾನ ನಿಲ್ದಾಣವೂ ಇಲ್ಲದ ನಮ್ಮ ಜಿಲ್ಲೆಯವರಿಗೆ ದುಬೈ ದೂರವನ್ನು ತೀರ್ಮಾನಿಸುವುದು ಘಾಟಿ. 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ತೆರೆದಾಗ ದಕ್ಷಿಣ ಕೊಡಗಿನವರಿಗೆ ವಿದೇಶ ಅರ್ಧಕ್ಕರ್ಧ ಹತ್ತಿರವಾಯಿತು. ಅದೇ ವರ್ಷ ಜೂನ್‌ನಲ್ಲಿ, ವಿರಾಜಪೇಟೆಯಿಂದ ಕಣ್ಣೂರು ಕಡೆ ಇಳಿಯುವ ಮಾಕುಟ್ಟ ಘಾಟಿ ರಸ್ತೆ ಗುಡ್ಡ ಕುಸಿದು ಮುಚ್ಚಿತ್ತು, ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಕುಸಿದು ಮಂಗಳೂರು ರಸ್ತೆಯೂ ಹೋಯಿತು. ಎರಡು ಕಡೆ ಇಳಿಯುವ ದಾರಿಯೂ ಒಂದೇ ಮಳೆಗಾಲದಲ್ಲಿ ಕೈಕೊಟ್ಟದ್ದನ್ನು ನಾವು ನೋಡಿದ್ದೇವೆ. ಹಾಗಾಗಿ ಕಣ್ಣೂರು ಹತ್ತಿರ ಎಂಬುದು ಮಾಕುಟ್ಟ ತೆರೆದಿರುವವರೆಗಿನ ಮಾತು.

ನನ್ನದೇ ಕಥೆ ಹೇಳಿದರೆ ನಗುತ್ತೀರಿ. ಬದುಕಿಡೀ ವಿಮಾನಗಳಿಗೆ ನಿಮಿಷದ ಲೆಕ್ಕ ಕೊಟ್ಟವನು, ನಿವೃತ್ತನಾದ ಮೇಲೆ ಒಂದು ಜುಲೈಯಲ್ಲಿ ಕಣ್ಣೂರಿನ ವಿಮಾನ ತಪ್ಪಿಸಿಕೊಂಡೆ. ಬೆಳಗಿನ ಜಾವ ಹೊರಟಿದ್ದೆ. ಪೆರುಂಬಾಡಿ ದಾಟಿ ಘಾಟಿ ಇಳಿಯುತ್ತಿದ್ದಂತೆ ಒಂದು ದೊಡ್ಡ ಮರ ಅಡ್ಡ ಬಿದ್ದಿತ್ತು. ಗರಗಸ ಬರುವ ಹೊತ್ತಿಗೆ ಬೆಳಕು ಹರಿದಿತ್ತು, ನಾನು ಇರಿಟ್ಟಿ ತಲುಪುವಾಗ ವಿಮಾನ ಸಮುದ್ರದ ಮೇಲಿತ್ತು. ತಿರುಗಿ ಬರುವಾಗ ಆ ಮರದ ತುಂಡುಗಳನ್ನು ನೋಡಿ ಲೆಕ್ಕ ಹಾಕಿದೆ: ಒಂದು ಮರ, ಮೂರು ಗಂಟೆ.

ನಿಮ್ಮ ವಿಮಾನ 9.10ಕ್ಕೆ. ವಿದೇಶ ಪ್ರಯಾಣ ಎಂದರೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕು, ಒಂದು ಗಂಟೆ ಮೊದಲು ಕೌಂಟರ್ ಮುಚ್ಚಿಬಿಡುತ್ತಾರೆ. ಆರಕ್ಕೆ ಅಲ್ಲಿರಬೇಕಾದರೆ ರಾತ್ರಿ ಮೂರಕ್ಕೆ ಮನೆ ಬಿಡಬೇಕು. ಜುಲೈ ಮಳೆಯಲ್ಲಿ ಕತ್ತಲಲ್ಲಿ ಮಾಕುಟ್ಟ ಇಳಿಯುವುದು ಬೇಡವೇ ಬೇಡ. ನನ್ನ ಸಲಹೆ ಇದು: ಟಿಕೆಟ್ ಕಣ್ಣೂರಿನಿಂದಲೇ ಮಾಡಿಸಿ, ಆದರೆ ಹಿಂದಿನ ದಿನ ಊಟ ಮುಗಿಸಿ ಹೊರಟು ಸಂಜೆ ನಾಲ್ಕರೊಳಗೆ ಕೇರಳ ಗಡಿಯ ಕೂಟುಪುಳ ದಾಟಿಬಿಡಿ, ರಾತ್ರಿ ಮಟ್ಟನ್ನೂರಿನಲ್ಲಿ ಉಳಿಯಿರಿ. ಮರ ಬಿದ್ದರೂ ಕಾಯಲು ಹೊತ್ತಿರುತ್ತದೆ. ಎರಡು ದಿನ ಮೊದಲಿನಿಂದ ವಿರಾಜಪೇಟೆಯಲ್ಲಿ ಗುರುತಿನ ಜೀಪಿನವರ ಹತ್ತಿರ ರಸ್ತೆ ವಿಚಾರಿಸುತ್ತಿರಿ. ಮಾಕುಟ್ಟ ಮುಚ್ಚಿದರೆ ಕುಟ್ಟ, ತೋಲ್ಪೆಟ್ಟಿ, ಮಾನಂದವಾಡಿ ಮೇಲೆ ಸುತ್ತಿ ಇಳಿಯಬಹುದು. ಅದೂ ಘಾಟಿಯೇ, ದೂರವೂ ಹೆಚ್ಚು, ಇಡೀ ದಿನ ಕೈಯಲ್ಲಿಟ್ಟುಕೊಂಡು ಹೊರಡಬೇಕು.

ಬೆಂಗಳೂರಿನ ಪರವಾಗಿ ಹೇಳಬೇಕಾದ ಮಾತೂ ಇದೆ. ಅಲ್ಲಿಂದ ದುಬೈಗೆ ದಿನಕ್ಕೆ ಹಲವು ವಿಮಾನ. ಒಂದು ತಪ್ಪಿದರೆ, ರದ್ದಾದರೆ ಇನ್ನೊಂದು ಸಿಗುತ್ತದೆ. ಕಣ್ಣೂರಿನಿಂದ ಅಷ್ಟು ಇಲ್ಲ, ತಪ್ಪಿದರೆ ಮರುದಿನವೋ ಅದರಾಚೆಯೋ. ಆ ರಸ್ತೆಯಲ್ಲಿ ಘಾಟಿ ಇಲ್ಲ. ತಿತಿಮತಿ, ಆನೆಚೌಕೂರು ಕಡೆ ಕತ್ತಲಾದ ಮೇಲೆ ಆನೆ ಇರುತ್ತವೆ ಎಂಬುದನ್ನು ಬಿಟ್ಟರೆ ಮೈಸೂರಿನವರೆಗೆ ತೊಂದರೆ ಇಲ್ಲ. ಮೈಸೂರಿನಿಂದ ಎಕ್ಸ್‌ಪ್ರೆಸ್‌ವೇ. ಮಗಳ ದಿನ ತೀರ ಹತ್ತಿರ ಬಂದು, ತಡವಾದರೆ ಆಗದು ಎನ್ನುವ ಸ್ಥಿತಿ ಇದ್ದರೆ, ಅಥವಾ ಹೊರಡುವ ವಾರ ಮಳೆ ವಿಪರೀತ ಇದ್ದರೆ, ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಳಿದು ಅಲ್ಲಿಂದ ಹೋಗುವುದೇ ವಾಸಿ. ಬೆಲೆ ಏಳು ಗಂಟೆ ಕಾರಿನಲ್ಲಿ ಕೂರುವುದು, ನಿಮ್ಮ ಮಂಡಿಗೆ ಅದು ವಿಮಾನಕ್ಕಿಂತ ಕಷ್ಟ. ಅದಕ್ಕೇ ಅಳಿಯಂದಿರಿಗೆ ಹೇಳಿ, ದಿನ ತುಂಬಲು ಎರಡು ವಾರವಾದರೂ ಇರುವಂತೆ ಟಿಕೆಟ್ ನೋಡಲಿ, ಆಗ ಕಣ್ಣೂರು ಆರಿಸಿಕೊಳ್ಳಲು ಧೈರ್ಯ ಬರುತ್ತದೆ. ಮುಂಬೈಯಲ್ಲಿ ವಿಮಾನ ಬದಲಿಸಿದರೆ ಅಗ್ಗ ಎಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿಸುವುದು ಬೇಡ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ, ಹೊಸಬರಿಗೆ ಆ ಓಡಾಟವೂ ಆಗದು.

ವಾಪಸ್ ಬರುವ ದಿನ 5.25ಕ್ಕೆ ಇಳಿದು, ಸಾಮಾನು ಹಿಡಿದು ಹೊರಬರುವಾಗ ಆರೂವರೆ. ಘಾಟಿ ಹತ್ತುವುದು ಕತ್ತಲಲ್ಲೇ. ಸೆಪ್ಟೆಂಬರ್ ಕೊನೆಗೆ ಮಳೆ ಇಳಿದಿರುತ್ತದೆ, ರಸ್ತೆ ಬಲ್ಲ ಡ್ರೈವರ್ ಇದ್ದರೆ ಬರಬಹುದು. ಮಂಜು ಕವಿದಿದ್ದರೆ ಇರಿಟ್ಟಿಯಲ್ಲಿ ಉಳಿದುಬಿಡಿ. ಹವೆ ಕೆಟ್ಟು ಕಣ್ಣೂರಿನಲ್ಲಿ ಇಳಿಯಲಾಗದೆ ವಿಮಾನ ಬೇರೆ ನಿಲ್ದಾಣಕ್ಕೆ ಹೋಗುವುದೂ ಉಂಟು. ಅದಕ್ಕೆ ಬೇಕಾದ ಇಂಧನ, ಅದರ ಮೇಲೆ ಇನ್ನೂ ಅರ್ಧ ಗಂಟೆ ಹಾರುವಷ್ಟು, ಹೊರಡುವಾಗಲೇ ತುಂಬಿರುತ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕೆ ರಾಜಿಯೇ ಇರಲಿಲ್ಲ. ಹಾಗಾದರೆ ಹೆದರಬೇಡಿ, ಕರೆದುಕೊಂಡು ಹೋಗಲು ಬಂದವರಿಗೆ ಫೋನ್ ಮಾಡಿ ತಿಳಿಸಿ, ಅಷ್ಟೆ.

ಮಂಡಿಯ ವಿಚಾರ. ಈ ದಾರಿಯ ವಿಮಾನಗಳಲ್ಲಿ ಸಾಮಾನ್ಯವಾಗಿ ನಡುವೆ ಒಂದೇ ಓಣಿ, ಆ ಕಡೆ ಮೂರು, ಈ ಕಡೆ ಮೂರು ಸೀಟು. ನಿಮಗೆ ಬಲ ಮಂಡಿ ನೋವು ಎಂದಿದ್ದೀರಿ, ‘ಸಿ’ ಸೀಟು ಕೇಳಿ. ಓಣಿ ನಿಮ್ಮ ಬಲಕ್ಕೆ ಬರುತ್ತದೆ, ಆಗಾಗ ಆ ಕಾಲನ್ನು ಹೊರಕ್ಕೆ ಚಾಚಬಹುದು. ‘ಡಿ’ ಕೊಟ್ಟರೆ ಓಣಿ ಎಡಕ್ಕೆ ಬಿತ್ತು, ಉಪಯೋಗವಿಲ್ಲ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ಕಾಲು ಊದುವ ಅಭ್ಯಾಸ ಇದ್ದರೆ ಹೊರಡುವ ಮೊದಲು ಡಾಕ್ಟರಿಗೆ ಒಮ್ಮೆ ತೋರಿಸಿ. ವೀಲ್‌ಚೇರ್ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ, ಇದರಲ್ಲಿ ಸಂಕೋಚ ಬೇಡ. ದುಬೈ ನಿಲ್ದಾಣದಲ್ಲಿ ನಡೆಯುವ ದೂರ ಆರೋಗ್ಯವಂತರಿಗೇ ಸುಸ್ತು, ಮೇಲಾಗಿ ತಳ್ಳುವವರೇ ನಿಮ್ಮನ್ನು ಪಾಸ್‌ಪೋರ್ಟ್ ಕೌಂಟರ್ ದಾಟಿಸಿ ಅಳಿಯಂದಿರ ಕೈಗೆ ಒಪ್ಪಿಸುತ್ತಾರೆ. ಮೊದಲ ಸಲ ಹೋಗುವವರಿಗೆ ಅದೇ ದೊಡ್ಡ ನೆಮ್ಮದಿ.

ನೀವು ಕೇಳದ ಒಂದು ಮಾತು. ಬಾಣಂತನಕ್ಕೆ ಹೋಗುವವರ ಗಂಟಿನಲ್ಲಿ ಏನೇನಿರುತ್ತದೆ ಎಂದು ನನಗೆ ಗೊತ್ತು. ಗಸಗಸೆ ಒಂದು ಕಾಳೂ ಬೇಡ. ಅಲ್ಲಿ ಅದು ನಿಷಿದ್ಧ ವಸ್ತು, ಸಿಕ್ಕಿದರೆ ಜೈಲಿನವರೆಗೆ ಹೋಗುತ್ತದೆ, ಅಡುಗೆಗೆ ಎಂದರೆ ಕೇಳುವುದಿಲ್ಲ. ಮಸಾಲೆ ಪುಡಿ ಮನೆಯಲ್ಲೇ ಮಾಡಿದ್ದಾದರೆ ಅದಕ್ಕೆ ಗಸಗಸೆ ಹಾಕಿದ್ದೀರಾ ನೆನಪು ಮಾಡಿಕೊಳ್ಳಿ, ಹಾಕಿದ್ದರೆ ಅದನ್ನೂ ಬಿಡಿ. ಒಣಕೊಬ್ಬರಿ ಬೆಂಕಿ ಹಿಡಿಯುವ ವಸ್ತುಗಳ ಸಾಲಿನಲ್ಲಿದೆ, ಕೌಂಟರಿನಲ್ಲಿ ತೆಗೆಸುತ್ತಾರೆ, ಅಲ್ಲೇ ಕೊಳ್ಳಬಹುದು. ಕಾಚಂಪುಳಿಯ ಹುಳಿರಸ ಕೈಚೀಲದಲ್ಲಿಟ್ಟರೆ ಭದ್ರತೆಯವರು ಕಸದ ಬುಟ್ಟಿಗೆ ಹಾಕುತ್ತಾರೆ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ, ದೊಡ್ಡ ಪೆಟ್ಟಿಗೆಯ ನಡುವೆ ಸೀರೆಗಳಿಂದ ದೂರ ಇಡಿ.